ಡ್ರೈಯರ್ ಸದ್ದು: ಎರಡು ಸಲ ಬಿಚ್ಚಿದ ಮೇಲೆ ಸರಿಯಾಯಿತು

ನಮ್ಮ ಬಟ್ಟೆ ಒಣಗಿಸುವ ಡ್ರೈಯರ್ ಮೊದಲು ಸಣ್ಣಗೆ ಕಿರ್ ಅನ್ನುತ್ತಿತ್ತು. ಆಮೇಲೆ ದಡ್ ದಡ್ ಅನ್ನೋ ಸದ್ದೂ ಸೇರಿಕೊಂಡಿತು. ಬಟ್ಟೆ ಚೆನ್ನಾಗೇ ಒಣಗುತ್ತಿತ್ತು, ಅದಕ್ಕೇ ಕೆಲವು ವಾರ ಸುಮ್ನೆ ಬಿಟ್ಟೆ. ಹಾಗೆ ಬಿಡಬಾರದಿತ್ತು. ಬಟ್ಟೆ ತುಂಬುವ ಡ್ರಮ್ಮನ್ನು ಹೊತ್ತಿರುವ ಸಣ್ಣ ಚಕ್ರಗಳಿಗೆ ರೋಲರ್ ಅನ್ನುತ್ತಾರೆ. ಸವೆದ ರೋಲರ್ ಮೇಲೆ ಡ್ರಮ್ ಓಡುತ್ತಲೇ ಇದ್ದರೆ ಆ ರೋಲರ್ ಕೂರುವ ಕಡ್ಡಿ, ಅಂದರೆ ಶಾಫ್ಟೂ ಸವೆಯುತ್ತದೆ, ಡ್ರಮ್ ತಿರುಗಿಸುವ ಬೆಲ್ಟಿಗೂ ಮೋಟರಿಗೂ ಹೊರೆ ಜಾಸ್ತಿ.

ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಸದ್ದನ್ನು ಸರಿಯಾಗಿ ಕೇಳಬೇಕು, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕಿರ್ ಅಂತ ಕೀರುತ್ತಿದ್ದರೆ ಹೆಚ್ಚಾಗಿ ಬೆಲ್ಟ್ ಬಿಗಿ ಮಾಡುವ ಪುಲ್ಲಿ ಅಥವಾ ರೋಲರ್. ಡ್ರಮ್ ತಿರುಗಿದ ಲಯಕ್ಕೆ ದಡ್ ದಡ್ ಅಂದರೆ ರೋಲರ್ ಒಂದು ಕಡೆ ಚಪ್ಪಟೆಯಾಗಿರಬಹುದು. ತಗಡು ಉಜ್ಜಿದ ಹಾಗೆ ಕೇಳಿಸಿದರೆ ಡ್ರಮ್ಮಿನ ಮುಂದಿನ ಅಂಚು ಕೂರುವ ಪ್ಲಾಸ್ಟಿಕ್ ಪಟ್ಟಿ ಸವೆದಿರಬಹುದು. ಇನ್ನು ಗಡಗಡ ಅಂದರೆ ಮೊದಲು ಲಿಂಟ್ (ಬಟ್ಟೆಯಿಂದ ಉದುರುವ ನೂಲಿನ ಧೂಳು) ಹಿಡಿಯುವ ಜಾಲರಿ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ, ಒಂದು ನಾಣ್ಯವೋ ಗುಂಡಿಯೋ ಗಾಳಿ ಚಕ್ರಕ್ಕೆ ಸಿಕ್ಕಿರುತ್ತದೆ, ಏನನ್ನೂ ಬಿಚ್ಚದೆ ಕೆಲಸ ಮುಗಿಯಬಹುದು.

ನಾನು ಇಷ್ಟೆಲ್ಲ ಕೇಳಿಸಿಕೊಳ್ಳದೆ ಮೊದಲ ಸಲ ಬರೀ ಬೆಲ್ಟ್ ಬದಲಾಯಿಸಿದೆ. ಹಳೇ ಬೆಲ್ಟಿನಲ್ಲಿ ಬಿರುಕು ಕಂಡಿತು, ಇದೇ ಇರಬೇಕು ಅಂದುಕೊಂಡೆ. ಎಲ್ಲ ಜೋಡಿಸಿ ಆನ್ ಮಾಡಿದರೆ ಅದೇ ಸದ್ದು.

ಎರಡನೇ ಸಲ ನಿಧಾನವಾಗಿ ಮಾಡಿದೆ. ಪ್ಲಗ್ ಕಿತ್ತೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಗ್ಯಾಸಿನ ಡ್ರೈಯರ್ ಆದರೆ ಗ್ಯಾಸ್ ವಾಲ್ವೂ ಮುಚ್ಚಬೇಕು. ದಪ್ಪ ಕೈಗವಸು ಹಾಕಿಕೊಂಡೆ, ಒಳಗಿನ ತಗಡಿನ ಅಂಚು ಚಾಕುವಿನ ಹಾಗಿರುತ್ತದೆ. ನಮ್ಮದರಲ್ಲಿ ಲಿಂಟ್ ಜಾಲರಿ ಮೇಲ್ಗಡೆ ಇದೆ, ಅದರ ಪಕ್ಕದ ಎರಡು ಸ್ಕ್ರೂ ತೆಗೆದು, ಮುಂದಿನ ಮೂಲೆಗಳ ಹತ್ತಿರ ತೆಳ್ಳಗಿನ ಪಟ್ಟಿ ತೂರಿಸಿ ಒಳಗಿನ ಕ್ಲಿಪ್ ಒತ್ತಿದರೆ ಮುಚ್ಚಳ ಮೇಲೆದ್ದು ಬರುತ್ತದೆ. ಬೇರೆ ಮಾಡೆಲ್‌ಗಳಲ್ಲಿ ಬಿಚ್ಚುವ ರೀತಿಯೇ ಬೇರೆ, ಬಾಗಿಲ ಒಳಗಡೆಯ ಸ್ಟಿಕರಿನಲ್ಲಿ ಮಾಡೆಲ್ ನಂಬರ್ ನೋಡಿ ಅದರದ್ದೇ ಕೈಪಿಡಿ ಹುಡುಕಿಕೊಳ್ಳಿ. ಬಾಗಿಲ ಸ್ವಿಚ್ಚಿನ ವೈರ್ ಕಳಚಿ ಮುಂದಿನ ಫಲಕ ತೆಗೆಯುವ ಮೊದಲು, ಬೆಲ್ಟ್ ಹೇಗೆ ಸುತ್ತಿದೆ ಅಂತ ಫೋನಿನಲ್ಲಿ ಎರಡು ಮೂರು ಫೋಟೋ ತೆಗೆದುಕೊಂಡೆ. ಜೋಡಿಸುವಾಗ ನನ್ನನ್ನು ಉಳಿಸಿದ್ದು ಆ ಫೋಟೋಗಳೇ.

ಪುಲ್ಲಿಯಿಂದ ಬೆಲ್ಟ್ ಸಡಿಲಿಸಿ ಡ್ರಮ್ ಹೊರಗೆ ತೆಗೆದ ಮೇಲೆ ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿದೆ. ಒಳ್ಳೇ ಪುಲ್ಲಿ ಸದ್ದಿಲ್ಲದೆ ಕೆಲವು ಸುತ್ತು ತಾನೇ ಓಡಬೇಕು. ಇದು ಅರ್ಧ ಸುತ್ತಿಗೆ ಕಿರ್ ಅಂತ ನಿಂತುಬಿಟ್ಟಿತು. ಹಿಂದಿನ ಎರಡು ರೋಲರ್‌ಗಳಲ್ಲಿ ಒಂದು ಗಟ್ಟಿಯಾಗೇ ಇತ್ತು. ಇನ್ನೊಂದನ್ನು ಹಿಡಿದು ಅಲ್ಲಾಡಿಸಿದರೆ ಸಡಿಲ ಹಲ್ಲಿನ ಹಾಗೆ ಆಡುತ್ತಿತ್ತು. ರಬ್ಬರ್ ಒಂದು ಕಡೆ ಉಗುರಿನಗಲ ಚಪ್ಪಟೆ, ನಡುವಿನ ತೂತು ಗುಂಡಗಿರದೆ ಮೊಟ್ಟೆಯಾಕಾರ, ಶಾಫ್ಟಿನ ಮೇಲೆ ನೂಲಿನ ಧೂಳೂ ಹಳೇ ಗ್ರೀಸೂ ಸೇರಿ ಕಪ್ಪು ಅಂಟು. ಎರಡೂ ಸದ್ದಿನ ಮೂಲ ಕೈಯಲ್ಲೇ ಸಿಕ್ಕಿತು.

ಎಣ್ಣೆ ಬಿಟ್ಟು ನೋಡೋಣ ಅಂತ ತುಂಬ ಜನ ಹೇಳುತ್ತಾರೆ. ದಯವಿಟ್ಟು ಬೇಡ. ತೆಳು ಎಣ್ಣೆ ಸ್ವಲ್ಪ ದಿನ ಸದ್ದು ಅಡಗಿಸುತ್ತದೆ, ಆಮೇಲೆ ಅದೇ ಎಣ್ಣೆಗೆ ಲಿಂಟ್ ಅಂಟಿಕೊಂಡು ಮೊದಲಿಗಿಂತ ಕೆಡುತ್ತದೆ. ಬಿಸಿ ಇರುವ ಜಾಗದಲ್ಲಿ ಎಣ್ಣೆ ಮೆತ್ತಿದ ಲಿಂಟ್ ಅಂದರೆ ಬೆಂಕಿಯ ಭಯವೂ ಇದೆ. ನಾನು ಶಾಫ್ಟನ್ನು ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಎರಡೂ ರೋಲರ್ ಹೊಸದು ಹಾಕಿದೆ. ಒಂದನ್ನೇ ಬದಲಾಯಿಸಬೇಡಿ, ಹಳೇದೂ ಹೊಸದೂ ಒಂದೇ ಎತ್ತರ ಇರಲ್ಲ, ಡ್ರಮ್ ಓರೆಯಾಗಿ ಕೂರುತ್ತದೆ. ಪುಲ್ಲಿಯೂ ಹೊಸದು. ತಳದಲ್ಲಿ, ಮೋಟರ್ ಸುತ್ತ ಹಾಸಿಗೆಯ ಹಾಗೆ ಬಿದ್ದಿದ್ದ ಲಿಂಟನ್ನು ವ್ಯಾಕ್ಯೂಮ್ ಹಿಡಿದು ಎಳೆದೆ. ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು, ಆದರೆ ಅವಸರ ಮಾಡಲಿಲ್ಲ.

ಜೋಡಿಸುವಾಗ ಕಷ್ಟ ಅನ್ನಿಸಿದ್ದು ಬೆಲ್ಟ್ ಒಂದೇ. ಗೀರು ಇರುವ ಮೈ ಡ್ರಮ್ಮಿಗೆ ತಾಗಬೇಕು. ಕೆಳಗೆ ಕೈ ತೂರಿಸಿ ಪುಲ್ಲಿಯನ್ನು ಒತ್ತಿ ಹಿಡಿದು, ಬೆಲ್ಟಿನ ಮಡಿಕೆಯನ್ನು ಅದರ ಅಡಿಯಿಂದ ತಂದು ಮೋಟರ್ ಶಾಫ್ಟಿಗೆ ಸಿಕ್ಕಿಸಬೇಕು. ಕಣ್ಣಿಗೆ ಏನೂ ಕಾಣಲ್ಲ, ಬೆರಳಿಗೆ ಗೊತ್ತಾಗಬೇಕು, ನನಗೆ ನಾಲ್ಕನೇ ಸಲಕ್ಕೆ ಕೂತಿತು. ಫಲಕ ಮುಚ್ಚುವ ಮೊದಲು ಡ್ರಮ್ಮನ್ನು ಕೈಯಲ್ಲಿ ಐದಾರು ಸುತ್ತು ತಿರುಗಿಸಿದೆ, ಬೆಲ್ಟ್ ಜಾರಲಿಲ್ಲ.

ಮೊದಲು ಖಾಲಿ ಓಡಿಸಿದೆ, ಆಮೇಲೆ ಒದ್ದೆ ಟವೆಲ್ ತುಂಬಿ. ಬರೀ ಗಾಳಿಯ ಸದ್ದು, ಅಷ್ಟೇ. ಗೋಡೆಗೆ ತಳ್ಳಿ ಇಡುವಾಗ ಮಾತ್ರ ಹಿಂದಿನ ಗಾಳಿ ಪೈಪ್ ನಜ್ಜಾಗದ ಹಾಗೆ ಬಗ್ಗಿ ನೋಡಿಕೊಂಡೆ.