ಗಾಲ್ಫಲ್ಲಿ ಸ್ವಿಂಗ್ ಮುಟ್ಟದೇ ಸ್ಕೋರ್ ಇಳಿಸಿದ್ದು, ನನ್ನ ಅನುಭವ

ಗಾಲ್ಫಲ್ಲಿ ಹೊಡೆತ ಕಮ್ಮಿ ಆದಷ್ಟೂ ಒಳ್ಳೇದು, ನಾನೀಗ ಹದಿನೆಂಟು ಹೋಲಿಗೆ 90 ಹೊಡೆತದ ಒಳಗೆ ಬರ್ತಾ ಇದೀನಿ, ಯಾವಾಗ್ಲೋ ಒಂದ್ಸಲ ಅಲ್ಲ, ಹೆಚ್ಚುಕಮ್ಮಿ ಎಲ್ಲಾ ರೌಂಡಲ್ಲೂ. 102, 105 ಆಡ್ತಿದ್ದಾಗ "ಸ್ಲೈಸ್ (ಹೊಡೆದ ಬಾಲ್ ಬಲಕ್ಕೆ ತಿರುಗೋದು) ಬಿಡಿಸ್ಕೊಳ್ದೆ ಸ್ಕೋರ್ ಹೆಂಗಪ್ಪಾ ಇಳಿಯುತ್ತೆ" ಅಂದೋರೇ ಈಗ ಮೊದಲ ಹೊಡೆತದ ಜಾಗ ಟೀ ಹತ್ರ ನಾನ್ಯಾವ ಕ್ಲಬ್ (ಬಾಲ್ ಹೊಡೆಯೋ ಕೋಲು) ತೆಗೀತೀನಿ ಅಂತ ನೋಡ್ತಿರ್ತಾರೆ. ಸ್ಲೈಸ್ ಇವತ್ತಿಗೂ ಹಂಗೇ ಇದೆ.

ಮುಂಚೆ ಎಲ್ಲಾ ಮಾಡಿ ನೋಡಿದ್ದಾಗಿತ್ತು. ಎಲ್ಲಕ್ಕಿಂತ ದೂರ ಹೊಡೆಯೋ ಕ್ಲಬ್ ಆದ ಡ್ರೈವರ್, ಹೊಸದಕ್ಕೆ ಸುಮಾರು 45 ಸಾವಿರ, ಕೋಲಾರದಿಂದ ಬೆಂಗಳೂರಿಗೆ ಕೋಚಿಂಗ್‌ಗೆ ಓಡಾಡಿದ್ದು ಪೆಟ್ರೋಲ್ ಟೋಲ್ ಸೇರಿ ಇನ್ನೊಂದು 30 ಇರ್ಬೇಕು, ಜೊತೆಗೆ ರೌಂಡಿಗೆ ನಾಕೈದು ಬಾಲ್ ಪೊದೆಗೆ. ಹತ್ತು ಗಜ ಜಾಸ್ತಿ ಹೋಗೋಕೆ ಶುರುವಾಯ್ತು ನಿಜ, ಸ್ಕೋರ್ ಮಾತ್ರ ಕದಲಲಿಲ್ಲ.

ಆಮೇಲೆ ರಾಗಿ ಕೊಯ್ದ ಹೊಲದಲ್ಲಿ ಟೇಪ್ ಹಿಡ್ಕೊಂಡು ಒಂದೊಂದು ಕ್ಲಬ್ಬೂ ಅಳೆದೆ. 7 ಐರನ್ (ಮಧ್ಯಮ ದೂರದ ಕ್ಲಬ್) 150 ಗಜ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ದೆ, ಹತ್ತು ಹೊಡೆದ್ರೆ ಎರಡೋ ಮೂರೋ ಅಷ್ಟು ಹೋಗುತ್ತೆ, ಮಿಕ್ಕಿದ್ದೆಲ್ಲ 140ರ ಆಸುಪಾಸು. 2023ರ ಜುಲೈನಲ್ಲಿ ನಮ್ಮ ಎಪಿಎಂಸೀಲಿ 15 ಕೆಜಿ ಟೊಮೇಟೊ ಬಾಕ್ಸ್ 2000 ದಾಟಿತ್ತು, ಆ ರೇಟ್ ನಂಬ್ಕೊಂಡು ಈ ವರ್ಷ ಯಾರಾದ್ರೂ ಸಾಲ ಮಾಡ್ತಾರಾ? ಅಲ್ಲಿಂದ ಕ್ಲಬ್ ಆರಿಸೋದೆಲ್ಲ ಮಾಮೂಲಿ ಶಾಟ್ ಲೆಕ್ಕದಲ್ಲೇ. ಇನ್ನೊಂದು ಗೊತ್ತಾಗಿದ್ದು, ನಾವಿರೋದು ಸಮುದ್ರಮಟ್ಟದಿಂದ 800 ಮೀಟರ್ ಮೇಲೆ, ಅದೇ 7 ಐರನ್ ಚೆನ್ನೈನಲ್ಲಿ ಆರೇಳು ಗಜ ಕಮ್ಮಿ ಬೀಳುತ್ತೆ, ಹೋಗೋರು ನೆನಪಿಟ್ಕೊಳ್ಳಿ.

ನಂಗೆ ಜಾಸ್ತಿ ಕಾಟ ಕೊಡ್ತಿದ್ದಿದ್ದು ಒಂದು ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸ್ಬೇಕಾದ ಹೋಲ್), 380 ಗಜ, ಬಲಕ್ಕೆ ಉದ್ದಕ್ಕೂ ಕೆಂಪು ಗೂಟ (ಆಚೆ ಹೋದ್ರೆ ಸಾಮಾನ್ಯವಾಗಿ ಒಂದು ಹೊಡೆತ ದಂಡ), ಎಡಕ್ಕೆ ನೀಲಗಿರಿ ಮರ. ಡ್ರೈವರ್ ತೆಗೆದ್ರೆ ಏಳು, ಎಂಟು ಗ್ಯಾರಂಟಿ. ಈಗ ಹೈಬ್ರಿಡ್‌ನಲ್ಲಿ 170, 6 ಐರನ್‌ನಲ್ಲಿ 150, ಉಳಿದ 60ಕ್ಕೆ ವೆಡ್ಜ್ (ಹತ್ತಿರಕ್ಕೆ ಎತ್ತಿ ಹೊಡೆಯೋ ಕ್ಲಬ್), ಹೋಲಿನ ಬಾವುಟ ಎಲ್ಲೇ ಇರ್ಲಿ ಗ್ರೀನ್ (ಹೋಲಿನ ಸುತ್ತಿನ ನುಣುಪು ಹುಲ್ಲು) ಮಧ್ಯಕ್ಕೆ, ಎರಡು ಪಟ್ (ಹೋಲಿಗೆ ಉರುಳಿಸೋ ಹೊಡೆತ), ಐದು. ಪಾರ್ 72ರ ಕೋರ್ಸಲ್ಲಿ ಹದಿನೆಂಟೂ ಬೋಗಿ (ಪಾರ್‌ಗಿಂತ ಒಂದು ಜಾಸ್ತಿ) ಆದ್ರೂ 90 ತಾನೇ, ಮಧ್ಯೆ ಎರಡು ಪಾರ್ ಸಿಕ್ಕಿದ್ರೆ 88! ಇದನ್ನ ಹೇಳಿದಾಗ "ಹೆದರ್ಕೊಂಡು ಆಡೋದು" ಅಂದ್ರು. ಟೋಕಿಯೊ ಒಲಿಂಪಿಕ್ಸಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಉದ್ದ ಹೊಡೆಯೋರ ಪೈಕಿ ಅಲ್ಲದಿದ್ರೂ ನಾಲ್ಕನೇ ಸ್ಥಾನಕ್ಕೆ ಬಂದ್ರು, ಅವರನ್ನ ಹೆದರ್ಕೊಂಡು ಆಡಿದ್ರು ಅಂತೀರಾ?

ಕಷ್ಟ ಇರೋದು ಮರದ ಕೆಳಗೆ. ಎರಡು ಕಾಂಡದ ಸಂದೀಲಿ ಗ್ರೀನ್ ಕಾಣಿಸ್ತಾ ಇರುತ್ತೆ, ಕೈ ತಾನಾಗೇ ಐರನ್‌ಗೆ ಹೋಗುತ್ತೆ. ಅದಕ್ಕೆ ಬ್ಯಾಗ್ ಹೊರೋ ಕ್ಯಾಡಿಗೆ ಮೊದಲೇ ಹೇಳಿಟ್ಟಿದೀನಿ, ಮರದೊಳಗೆ ಹೋದ್ರೆ ನಾನು ಏನೇ ಕೇಳಿದ್ರೂ ವೆಡ್ಜ್ ಮಾತ್ರ ಕೊಡು ಅಂತ, ಪಕ್ಕಕ್ಕೆ ಫೇರ್‌ವೇಗೆ (ಹುಲ್ಲು ಕತ್ತರಿಸಿದ ದಾರಿಗೆ) ತಳ್ಳಿ ಮುಂದಕ್ಕೆ. ಇದಕ್ಕೇ ಅಂತ ಅವನಿಗೆ 200 ಜಾಸ್ತಿ ಕೊಡ್ತೀನಿ, ನಾನು ಗಾಲ್ಫಿಗೆ ಹಾಕಿದ ದುಡ್ಡಲ್ಲೆಲ್ಲ ಒಳ್ಳೇ ದುಡ್ಡು ಇದೇ.

ಆಷಾಢದ ಗಾಳಿ ಎದುರಿಗಿದ್ರೆ ಎರಡು ಹಂತ ದೂರ ಹೋಗೋ ಕ್ಲಬ್, ಮೆಲ್ಲಗೆ ಸ್ವಿಂಗ್. ಉದ್ದದ ಪಟ್‌ಗೆ ಹೆಜ್ಜೆ ಎಣಿಸಿ ಒಂದು ಲೆಕ್ಕ ಇಟ್ಕೊಂಡಿದೀನಿ, ಅದು ಇಲ್ಲಿ ಬರೆಯಲ್ಲ, ನಮ್ಮ ಗುಂಪಿನವರೂ ಓದ್ತಾರೆ. ಡ್ರೈವರ್ ಬ್ಯಾಗಲ್ಲಿ ಸುಮ್ನೆ ಕೂತಿತ್ತು, 20 ಸಾವಿರಕ್ಕೆ ಕೊಟ್ಟು ದೂರ ಅಳೆಯೋ ರೇಂಜ್‌ಫೈಂಡರ್ ತಗೊಂಡೆ.