ಅಮ್ಮನ ನಿದ್ದೆ ಕೆಡಿಸದ 3090

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ನಾನು ವರ್ಷಗಳಿಂದ ವ್ಯವಹರಿಸುವ ಅಂಗಡಿಯವರು ನಾನು ಕೊಂಡ ಹಳೆಯ ಗ್ರಾಫಿಕ್ಸ್ ಕಾರ್ಡನ್ನು (ಕಂಪ್ಯೂಟರಿನಲ್ಲಿ ಆಟಗಳ ಚಿತ್ರ ಮೂಡಿಸುವ ಭಾಗ) ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಕ್ರಿಪ್ಟೊ ಮೈನಿಂಗ್‌ಗೆ ದುಡಿದ ಮಾಲು ಸರ್. ಆರು ತಿಂಗಳಲ್ಲಿ ಇದನ್ನೇ ಹಿಡಿದುಕೊಂಡು ಮತ್ತೆ ಇಲ್ಲಿಗೆ ಬರುತ್ತೀರಿ" ಎಂದಿದ್ದರು. ಕಚೇರಿಯ ಗೆಳೆಯರ ತಕರಾರು ಬೇರೆ: 350 ವ್ಯಾಟಿನ ಕಾರ್ಡನ್ನು 265ಕ್ಕೆ ಕಟ್ಟಿಹಾಕುವುದಾದರೆ ಅಷ್ಟು ದೊಡ್ಡದು ಏಕೆ ಬೇಕಿತ್ತು? 2024ರ ಫೆಬ್ರುವರಿಯಲ್ಲಿ ಕೊಂಡ ಆ ಆರ್‌ಟಿಎಕ್ಸ್ 3090 ಎರಡು ಬೇಸಿಗೆ ದಾಟಿಯೂ ನನ್ನ ಮೇಜಿನ ಕೆಳಗೆ ಓಡುತ್ತಿದೆ. ಅದೇ ಗೆಳೆಯರಲ್ಲೊಬ್ಬರು ಮನೆಗೆ ಬಂದಾಗ, ಆಟ ನಡೆಯುತ್ತಿರುವಂತೆಯೇ ಬಗ್ಗಿ ಕ್ಯಾಬಿನೆಟ್‌ಗೆ ಕಿವಿಯಿಟ್ಟು, "ಫ್ಯಾನ್ ತಿರುಗುತ್ತಿದೆಯೇ?" ಎಂದು ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ಮುಂದಿನ ಪೀಳಿಗೆಯ 4090 ಒಂದು ಮುಕ್ಕಾಲು ಲಕ್ಷಕ್ಕಿಂತ ಕೆಳಗೆ ನನಗೆ ಎಲ್ಲೂ ಸಿಗಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ (ಕಾರ್ಡುಗಳನ್ನು ಹಗಲಿರುಳು ದುಡಿಸಿ ಡಿಜಿಟಲ್ ಹಣ ಗಳಿಸುವುದು) ನಿಂತ ಮೇಲೆ ಹಳೆಯ 3090ಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಮಾರುವವರು 68 ಸಾವಿರ ಹೇಳಿದರು, 62ಕ್ಕೆ ಮುಗಿಯಿತು. ಬರೀ ಆಟಕ್ಕೆ ಬಳಸಿದ್ದೆಂದು ಆಣೆ ಮಾಡಿದ್ದರು. ಬಿಚ್ಚಿ ನೋಡಿದರೆ, ಮೆಮೊರಿಯ ಬಿಸಿಯನ್ನು ಲೋಹದ ಹೀಟ್‌ಸಿಂಕ್‌ಗೆ ದಾಟಿಸುವ ಪ್ಯಾಡ್‌ಗಳ ಎಣ್ಣೆ ಜಿನುಗಿ ಬೋರ್ಡಿನ ಅಂಚಿನವರೆಗೆ ಹರಿದಿತ್ತು. ಸಂಜೆ ಎರಡು ಗಂಟೆ ಆಡಿದ ಕಾರ್ಡು ಹಾಗೆ ಬೆವರುವುದಿಲ್ಲ.

ಮೊದಲ ರಾತ್ರಿಯೇ ಯಂತ್ರ ಮೂರು ಸಲ ಪಟಕ್ಕನೆ ಆರಿತು. ನನ್ನ 650 ವ್ಯಾಟಿನ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ತು ಪೂರೈಸುವ ಡಬ್ಬ) ಲೆಕ್ಕದಲ್ಲಿ ಸಾಕಾಗಬೇಕಿತ್ತು. ಆದರೆ ಈ ಕಾರ್ಡು ಕ್ಷಣಮಾತ್ರಕ್ಕೆ ಎಳೆಯುವ ವಿದ್ಯುತ್ತು ಸರಾಸರಿಗಿಂತ ಎಷ್ಟೋ ಮೇಲೆ. 850 ವ್ಯಾಟಿನದಕ್ಕೆ ಇನ್ನೊಂದು ಒಂಬತ್ತೂವರೆ ಸಾವಿರ ಹೋಯಿತು. ಹಳೆಯ 3090ರ ಬೆಲೆ ಲೆಕ್ಕ ಹಾಕುವವರು ಇದನ್ನು ಮೊದಲೇ ಸೇರಿಸಿಕೊಳ್ಳಿ.

ಎಸ್‌ಎಂಪಿಎಸ್ ಬದಲಾದ ರಾತ್ರಿ ಹನ್ನೊಂದಕ್ಕೆ ಅಮ್ಮ ಪಕ್ಕದ ಕೋಣೆಯಿಂದ ಎದ್ದು ಬಂದು, "ಇಷ್ಟು ಹೊತ್ತಿನಲ್ಲಿ ಯಾರೋ ಮಿಕ್ಸಿ ಹಾಕಿದ್ದಾರೆ ನೋಡೋ" ಎಂದರು. ರಾಜಾಜಿನಗರದ ನಮ್ಮ ಮನೆಯಲ್ಲಿ ಎರಡು ಕೋಣೆಗಳ ನಡುವೆ ಇರುವುದು ನಾಲ್ಕೂವರೆ ಇಂಚಿನ ಗೋಡೆ. ಅಂದಿನಿಂದ ನನ್ನ ಪರೀಕ್ಷೆಗೆ ಒಂದೇ ಅಳತೆ: ಬಾಗಿಲು ಮುಚ್ಚಿದರೆ ಅಮ್ಮನಿಗೆ ಕೇಳಿಸಬಾರದು.

ಸದ್ದಿನ ಮೂಲ ಚಿಪ್ ಅಲ್ಲ, ಮೆಮೊರಿ. 24 ಜಿಬಿಯಲ್ಲಿ ಅರ್ಧದಷ್ಟು ಬೋರ್ಡಿನ ಬೆನ್ನಿಗೆ ಕುಳಿತಿದೆ, ಅಲ್ಲಿ ಫ್ಯಾನ್ ಇಲ್ಲ. ಬಿಸಿ ಅಳೆದು ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಮೆಮೊರಿ 108 ಡಿಗ್ರಿ ತೋರಿಸುತ್ತಿತ್ತು. 110ಕ್ಕೆ ಅದು ತಾನಾಗಿಯೇ ವೇಗ ತಗ್ಗಿಸುತ್ತದೆ. ಚಿಪ್ 72ರಲ್ಲಿ ಹಾಯಾಗಿದ್ದರೂ ಫ್ಯಾನ್‌ಗಳು ನಿಮಿಷಕ್ಕೆ 2,050 ಸುತ್ತಿನಲ್ಲಿ ಕಿರುಚುತ್ತಿದ್ದದ್ದು ಈ ಕಾರಣಕ್ಕೆ.

ಪ್ಯಾಡ್ ಬದಲಿಸುವುದರಲ್ಲಿ ನಾನು ಸೋತದ್ದು ಎರಡು ಬಾರಿ. ಮೊದಲ ಸಲ ಎಲ್ಲ ಕಡೆಗೂ 2 ಮಿಲಿಮೀಟರಿನ ಗಟ್ಟಿ ಪ್ಯಾಡ್ ಹಾಕಿದೆ, 3,500 ರೂಪಾಯಿ. ಮೆಮೊರಿ ತಣ್ಣಗಾಯಿತು, ಆದರೆ ಹೀಟ್‌ಸಿಂಕ್ ಮೇಲೆದ್ದು ಚಿಪ್‌ಗೆ ಸರಿಯಾಗಿ ತಾಗಲೇ ಇಲ್ಲ; ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) 105 ಮುಟ್ಟಿತು. ಎರಡನೆಯ ಸಲ ತೆಳುವಾದದ್ದು ತಂದೆ, ಬೆನ್ನಿನ ಕಡೆ ಸಂದು ಉಳಿಯಿತು. ಮೂರನೆಯ ಸಲ ಚಿಕ್ಕಪೇಟೆ ನಿಲ್ದಾಣದಲ್ಲಿಳಿದು ಮೂರು ಬೇರೆ ಬೇರೆ ದಪ್ಪದ ಮೆತ್ತನೆಯ ಪ್ಯಾಡ್ ತಂದು, ಒಂದೊಂದನ್ನೂ ಒತ್ತಿ, ತೆಗೆದು, ಅಚ್ಚು ನೋಡಿ ಹಾಕಿದೆ. ಚಿಪ್ ಮೇಲೆ ಪೇಸ್ಟ್ ಬದಲು, ಬಿಸಿಗೆ ಮೆತ್ತಗಾಗಿ ಹರಡುವ ಪಿಟಿಎಂ 7950 ಹಾಳೆ. ಮೆಮೊರಿ 86ಕ್ಕೆ ಇಳಿಯಿತು. ಯಾವ ಜಾಗಕ್ಕೆ ಯಾವ ದಪ್ಪ ಎಂಬುದನ್ನು ಬರೆಯುವುದಿಲ್ಲ. ಆರು ತಿಂಗಳ ಗಡುವು ಕೊಟ್ಟಿದ್ದ ಅಂಗಡಿಯವರೇ ಈಗ ಅದನ್ನು ಕೇಳುತ್ತಿದ್ದಾರೆ, ಅವರಿಗೂ ಹೇಳಿಲ್ಲ. ಒಂದೇ ಮಾದರಿಯ ಕಾರ್ಡಿನಲ್ಲೂ ತಯಾರಕರಿಂದ ತಯಾರಕರಿಗೆ ದಪ್ಪ ಬದಲಾಗುತ್ತದೆ. ನನ್ನ ಅಂಕಿ ನಂಬಿ ಮುಚ್ಚಿದರೆ ನಿಮ್ಮ ಚಿಪ್ ಮೂಲೆ ಮುರಿದೀತು.

ಅಂಡರ್‌ವೋಲ್ಟ್ ಎಂದರೆ ಚಿಪ್‌ನ ವೇಗವನ್ನು ಹೆಚ್ಚು ಬಿಡದೆ ಅದಕ್ಕೆ ಕೊಡುವ ವೋಲ್ಟೇಜ್ ಇಳಿಸುವುದು. ನನ್ನದು 0.8 ವೋಲ್ಟಿನಲ್ಲಿ 1,830 ಮೆಗಾಹರ್ಟ್ಸ್‌ಗೆ ಒತ್ತಡದ ಪರೀಕ್ಷೆಗಳನ್ನೆಲ್ಲ ಗಂಟೆಗಟ್ಟಲೆ ಪಾಸು ಮಾಡಿತು, 'ಸೈಬರ್‌ಪಂಕ್ 2077' ಆಟದಲ್ಲಿ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನೈಜವಾಗಿ ಲೆಕ್ಕ ಹಾಕುವ ವಿಧಾನ) ಹಾಕಿದ ನಲವತ್ತನೆಯ ನಿಮಿಷಕ್ಕೆ ಮಗುಚಿತು. ರೇ ಟ್ರೇಸಿಂಗ್‌ನಲ್ಲಿ ಒಂದು ಸಂಜೆ ನಿಲ್ಲದ ವೋಲ್ಟೇಜ್-ವೇಗದ ಕರ್ವ್ ಅನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹನ್ನೆರಡು ದಿನ ಕೆಲವೇ ಮಿಲಿವೋಲ್ಟಿನಷ್ಟು ಏರಿಸಿ ಇಳಿಸಿ, 0.84ರ ಹತ್ತಿರ 1,785ಕ್ಕೆ ನಿಂತೆ. 1440ಪಿ ಪರದೆಯಲ್ಲಿ ಮೊದಲು ಸೆಕೆಂಡಿಗೆ ಸುಮಾರು 64 ಫ್ರೇಮ್ ಬರುತ್ತಿದ್ದ ಜಾಗದಲ್ಲಿ ಈಗ 62. ವಿದ್ಯುತ್ತು 350ರಿಂದ 265ಕ್ಕೆ. ಬರೀ ಪವರ್ ಲಿಮಿಟ್ ಇಳಿಸಿ ಅದೇ 265ಕ್ಕೆ ತಂದಾಗ 58 ಬಂದಿತ್ತು, ಅದೂ ಓಲಾಡುತ್ತ.

ಸದ್ದನ್ನು ಅಳೆಯಲು ಮೊಬೈಲ್ ಆ್ಯಪ್ ನಂಬಬೇಡಿ. ಮೆಲ್ಲನೆಯ ಸದ್ದಿಗೆ ಅದರ ಮೈಕೇ ಅಡ್ಡ ಬರುತ್ತದೆ. 1,800 ಕೊಟ್ಟು ಮೀಟರ್ ಕೊಂಡೆ. ನಮ್ಮ ಬೀದಿ ಸುಮ್ಮನಾಗುವುದು ರಾತ್ರಿ ಎರಡರ ಮೇಲೆ, ನಾಯಿಗಳು ಒಪ್ಪಿದರೆ. ಖಾಲಿ ಕೋಣೆ 31 ಡೆಸಿಬಲ್. ತೋಳಳತೆ ದೂರದಲ್ಲಿ ಕಾರ್ಡು ಮೊದಲು 46, ಈಗ 1,200 ಸುತ್ತಿನಲ್ಲಿ 35. ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಏಪ್ರಿಲ್‌ನಲ್ಲಿ ತಲೆಯ ಮೇಲೆ ಸೀಲಿಂಗ್ ಫ್ಯಾನ್ ಮೂರರಲ್ಲಿ ತಿರುಗುವಾಗ ಕಾರ್ಡಿನ ಸದ್ದು ಅದರಡಿ ಮುಚ್ಚಿಹೋಗುತ್ತದೆ. ಡಿಸೆಂಬರ್‌ನಲ್ಲಿ ಫ್ಯಾನ್ ಆರಿಸಿ ಕಿಟಕಿ ಮುಚ್ಚಿದಾಗ, ಕಾರ್ಡು ತಣ್ಣಗಿದ್ದರೂ ಪ್ರತಿ ಕಿರಿಕಿರಿಯೂ ಕಿವಿಗೆ ಬೀಳುತ್ತದೆ. ಬೆಂಗಳೂರಿನಲ್ಲಿ ಕಾರ್ಡಿನ ಸದ್ದನ್ನು ಪರೀಕ್ಷಿಸಬೇಕಾದದ್ದು ಚಳಿಗಾಲದಲ್ಲಿ, ಬಿಸಿಯನ್ನು ಪರೀಕ್ಷಿಸಬೇಕಾದದ್ದು ಏಪ್ರಿಲ್‌ನಲ್ಲಿ. 900 ಮೀಟರ್ ಎತ್ತರದ ಈ ಊರಿನ ಗಾಳಿ ಕಡಲತೀರಕ್ಕಿಂತ ಶೇ 8–10ರಷ್ಟು ತೆಳುವೂ ಹೌದು. ಚೆನ್ನೈ, ಮುಂಬೈಯವರ ಅಂಕಿಗಳನ್ನು ನೇರವಾಗಿ ಎತ್ತಿಕೊಳ್ಳಲಾಗದು.

ಫ್ಯಾನ್ ಮಲಗಿದ ಮೇಲೆ ಎದ್ದದ್ದು ಕಾಯಿಲ್ ವೈನ್, ಅಂದರೆ ಕಾರ್ಡಿನ ವಿದ್ಯುತ್ ಸುರುಳಿಗಳು ಕಂಪಿಸುವ ಸದ್ದು. ಮೆನುವಿನಲ್ಲಿ ಫ್ರೇಮ್ ನಾನೂರು ದಾಟಿದಾಗ ಜೀರುಂಡೆಯಂಥ ಕೀರಲು. 116ಕ್ಕೆ ಫ್ರೇಮ್ ಕಟ್ಟಿದೆ, ಮುಕ್ಕಾಲು ಭಾಗ ಹೋಯಿತು. 1,450 ಸುತ್ತಿನ ಹತ್ತಿರ ಕ್ಯಾಬಿನೆಟ್‌ನ ಪಕ್ಕದ ತಗಡು ಗುಂಯ್‌ಗುಡುತ್ತಿತ್ತು. ಫ್ಯಾನ್‌ನ ಕರ್ವ್‌ನಲ್ಲಿ ಆ ವೇಗವನ್ನೇ ಹಾರಿಸಿದ್ದೇನೆ.

ನಡುವೆ ಕಾರ್ಡಿನ ಫ್ಯಾನ್‌ಗಳನ್ನೇ ಕಳಚಿ ಎರಡು 120 ಮಿ.ಮೀ. ಕ್ಯಾಬಿನೆಟ್ ಫ್ಯಾನ್‌ಗಳನ್ನು ಪ್ಲಾಸ್ಟಿಕ್ ಟ್ಯಾಗಿನಿಂದ ಕಟ್ಟಿ ನೋಡಿದೆ. ನಾಲ್ಕು ಡಿಗ್ರಿ ಲಾಭವಾಯಿತು, ಕಂಪನ ತಡೆಯಲಾಗದೆ ಬಿಟ್ಟೆ. ಪಕ್ಕದ ಗಾಜು ತೆಗೆದು ಹಾರ್ಡ್‌ವೇರ್ ಅಂಗಡಿಯ ಸೊಳ್ಳೆ ಜಾಲರಿ ಬಿಗಿದದ್ದು ಮಾತ್ರ ಇಂದಿಗೂ ಇದೆ. 140 ರೂಪಾಯಿಯ ಜಾಲರಿ ಮೆಮೊರಿಯನ್ನು ಇನ್ನೂ ಐದು ಡಿಗ್ರಿ ಇಳಿಸಿತು. ಪ್ರತಿ ಹದಿನೈದು ದಿನಕ್ಕೆ ಬ್ರಷ್‌ನಿಂದ ಉಜ್ಜಬೇಕು, ನಮ್ಮ ರಸ್ತೆಯ ಧೂಳು ಅಷ್ಟಿದೆ. ಬೆನ್ನಿನ ತಗಡಿನ ಮೇಲೆ ಇನ್ನೊಂದು ಸಣ್ಣ ಕೈಚಳಕವಿದೆ, ಅದು ನನ್ನ ಬಳಿಯೇ ಇರಲಿ.

ವಿದ್ಯುತ್ತಿನ ಲೆಕ್ಕವನ್ನು ಮೊದಲು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ದಿನಕ್ಕೆ ನಾಲ್ಕು ಗಂಟೆಯಂತೆ ಕಾರ್ಡೊಂದೇ ತಿಂಗಳಿಗೆ 42 ಯೂನಿಟ್ ತಿನ್ನುತ್ತಿತ್ತು, ಈಗ 32. ಹತ್ತು ಯೂನಿಟ್ ಏನು ಮಹಾ ಎನ್ನಬಹುದು. ಆದರೆ ಗೃಹಜ್ಯೋತಿಯಲ್ಲಿ 200 ದಾಟಿದರೆ ಇಡೀ ಬಿಲ್ಲು ನಮ್ಮ ತಲೆಗೇ. 2024ರ ಏಪ್ರಿಲ್‌ನಲ್ಲಿ, ನಗರ 38 ಡಿಗ್ರಿ ಕಂಡ ತಿಂಗಳು, ನಮ್ಮದು 207 ಬಂತು. ಬೆಸ್ಕಾಂಗೆ ಸಾವಿರದ ಏಳುನೂರು ಚಿಲ್ಲರೆ ಕಟ್ಟಿದೆ. ಅಂಡರ್‌ವೋಲ್ಟ್ ಮುಗಿದ ಮೇಲೆ ಆ ಗೆರೆ ಒಮ್ಮೆಯೂ ದಾಟಿಲ್ಲ.

ಒಟ್ಟು ಖರ್ಚು, ವ್ಯರ್ಥವಾದ ಪ್ಯಾಡ್‌ಗಳೂ ಸೇರಿ, 82 ಸಾವಿರದ ಸುತ್ತ. ಆಗ 60 ಸಾವಿರಕ್ಕೆ ಸಿಗುತ್ತಿದ್ದ ಹೊಸ 4070 ಏಕಲ್ಲ ಎಂದು ಕೇಳಿದರೆ, ಅದು 200 ವ್ಯಾಟಿನ ಒಳ್ಳೆಯ ಕಾರ್ಡೇ. ವಾರಂಟಿ ಇತ್ತು, 3090ಕ್ಕಿಲ್ಲದ ಎನ್ವಿಡಿಯಾದ ಫ್ರೇಮ್ ಜನರೇಷನ್ (ನಡುನಡುವೆ ಫ್ರೇಮ್‌ಗಳನ್ನು ತಾನೇ ಸೃಷ್ಟಿಸಿ ತುಂಬುವ ಸೌಲಭ್ಯ) ಇದೆ. ಬಿಚ್ಚುವ ಅಭ್ಯಾಸವಿಲ್ಲದವರಿಗೆ ಆಗ ಅದೇ ಸರಿಯಿತ್ತು. ನನಗೆ 12 ಜಿಬಿ ಸಾಲುತ್ತಿರಲಿಲ್ಲ, ಮತ್ತು ಕಟ್ಟಿಹಾಕಿದ 3090 ಗೆಳೆಯನ ಸಹಜ 4070ಗಿಂತ ನಾನು ಆಡುವ ಆಟಗಳಲ್ಲಿ ಶೇ 8–10 ಮುಂದೆಯೇ ಇತ್ತು. ಕಾರ್ಖಾನೆಯ ಸೆಟ್ಟಿಂಗ್‌ನಲ್ಲಿ ಅದರ ಸದ್ದು ಕೇಳಿ ಬೆಲೆ ಕಟ್ಟಿದವರಿಗೆ ಆ ಕಾರ್ಡು ಅರ್ಥವೇ ಆಗಿಲ್ಲ.

ಈ ಚಳಿಗಾಲದಲ್ಲಿ ನಡುವಿನ ಫ್ಯಾನ್‌ನ ಬೇರಿಂಗ್ ಟಿಕ್ ಟಿಕ್ ಎನ್ನತೊಡಗಿದೆ. ಗೋಡೆಯಾಚೆ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ. ಹೊಸ ಫ್ಯಾನ್ ಸೆಟ್ಟಿಗೆ 1,400 ಹೇಳಿದ್ದಾರೆ, ಶನಿವಾರ ಬಿಚ್ಚುತ್ತೇನೆ.