ತರಗತಿಯಿಂದ ಆಚೆ ಬರುವುದು ಹೇಗೆ?

ಫೆಬ್ರುವರಿ ಬಂತೆಂದರೆ ಖಾಸಗಿ ಶಾಲೆಗಳ ಸ್ಟಾಫ್ ರೂಮಿನಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಈ ವರ್ಷ ಮುಗೀಲಿ, ಬಿಟ್ಟೇಬಿಡ್ತೀನಿ.’ ಜೂನ್‌ನಲ್ಲಿ ನೋಡಿದರೆ ಅದೇ ಮೇಡಂ ಅದೇ ಹಾಜರಿ ಪುಸ್ತಕ ಹಿಡಿದು ನಿಂತಿರುತ್ತಾರೆ. ಬಿಡಲು ಮನಸ್ಸಿದೆ, ಎಲ್ಲಿಂದ ಶುರು ಮಾಡಬೇಕೋ ಗೊತ್ತಿಲ್ಲ.

ಸಾಕಾಗಿರುವುದು ಯಾವುದು?

ಪಾಠ ಮಾಡುವುದೇ ಬೇಸರವೋ, ಸಂಬಳವೋ, ಆಡಳಿತ ಮಂಡಳಿಯೋ, ಬೇಸಿಗೆಯಲ್ಲಿ ಅಡ್ಮಿಷನ್‌ಗಾಗಿ ಮನೆಮನೆ ಸುತ್ತುವುದೋ? ಕೊನೆಯ ಎರಡೇ ಕಾರಣವಾದರೆ ಶಾಲೆ ಬದಲಿಸಿದರೂ ಆದೀತು. ಸರ್ಕಾರಿ ಶಿಕ್ಷಕರಿಗಾದರೆ ಸಿಆರ್‌ಪಿ, ಬಿಆರ್‌ಪಿ (ಕ್ಲಸ್ಟರ್, ಬ್ಲಾಕ್ ಮಟ್ಟದಲ್ಲಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ) ಹುದ್ದೆಗಳಿವೆ. ನೌಕರಿ ಬಿಡದೆಯೇ ತರಗತಿಯಿಂದ ಹೊರಬರಬಹುದು.

ಎಲ್ಲಿ ಹುಡುಕಬೇಕು?

ಬರೆಯುವ ಕೈ ಇದ್ದವರಿಗೆ ಪಠ್ಯಪುಸ್ತಕ, ಗೈಡ್ ಪ್ರಕಾಶಕರಲ್ಲಿ, ವಿಡಿಯೊ ಪಾಠಗಳ ಕಂಪನಿಗಳಲ್ಲಿ ಕೆಲಸವಿದೆ. ಶಿಕ್ಷಕರಿಗೇ ತರಬೇತಿ ಕೊಡುವ ಆಸಕ್ತಿ ಇದ್ದರೆ ಅಜೀಂ ಪ್ರೇಮ್‌ಜಿ ಫೌಂಡೇಷನ್, ಅಕ್ಷರ ಫೌಂಡೇಷನ್‌ನಂಥ ಸಂಸ್ಥೆಗಳ ನೇಮಕಾತಿ ಪುಟ ನೋಡುತ್ತಿರಿ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ನೌಕರರ ತರಬೇತಿಗೆ ಪಾಠ ರೂಪಿಸುವ ‘ಇನ್‌ಸ್ಟ್ರಕ್ಷನಲ್ ಡಿಸೈನರ್’ ಹುದ್ದೆ ಇದೆ. ಪಾಠಯೋಜನೆ ಬರೆದವರಿಗೆ ಅದು ಹೊಸದೇನಲ್ಲ, ಇಂಗ್ಲಿಷ್ ಬರವಣಿಗೆ ಮಾತ್ರ ಗಟ್ಟಿಯಿರಬೇಕು. ವಿಶೇಷ ಮಕ್ಕಳ ಶಿಕ್ಷಣದತ್ತ ಹೊರಳುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮತ್ತು ಅದರ ನೋಂದಣಿ ಬೇಕು.

ಒಂದು ಎಚ್ಚರಿಕೆ: ‘ಅಕಾಡೆಮಿಕ್ ಕೌನ್ಸೆಲರ್’ ಎಂಬ ಜಾಹೀರಾತುಗಳಲ್ಲಿ ಬಹಳಷ್ಟು ಫೋನ್ ಮೇಲೆ ಕೋರ್ಸ್ ಮಾರುವ ಕೆಲಸ. ತಿಂಗಳಿಗೆ ಟಾರ್ಗೆಟ್ ಎಷ್ಟು ಎಂದು ಸಂದರ್ಶನದಲ್ಲೇ ಕೇಳಿಬಿಡಿ.

ರಜೆಯಲ್ಲಿ ಮಾದರಿ ಮಾಡಿಟ್ಟುಕೊಳ್ಳಿ

ಕೆಲಸ ಕೊಡುವವರು ‘ಏನು ಮಾಡಿದ್ದೀರಿ, ತೋರಿಸಿ’ ಎನ್ನುತ್ತಾರೆ. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ತಾಣದಲ್ಲಿ ಯಾರು ಬೇಕಾದರೂ ಮಕ್ಕಳ ಕಥೆಗಳನ್ನು ಕನ್ನಡಕ್ಕೆ ಅನುವಾದಿಸಬಹುದು. ನಿಮ್ಮ ಹೆಸರಿನಲ್ಲಿ ಎರಡು ಕಥೆ, ಹತ್ತು ನಿಮಿಷದ ಒಂದು ವಿಡಿಯೊ ಪಾಠ ಇದ್ದರೆ ಮಾತಿಗೆ ಆಧಾರ ಸಿಕ್ಕಂತೆ. ಆದರೆ ಸಂಜೆ ಟ್ಯೂಷನ್ ಶುರು ಮಾಡಬೇಡಿ: ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಕೆಲಸದಲ್ಲಿರುವ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ.

ಬಯೊಡೇಟಾದಲ್ಲಿ ‘ಗಣಿತ ಶಿಕ್ಷಕಿ, 9 ವರ್ಷ’ ಎಂದಷ್ಟೇ ಬರೆದರೆ ಎಚ್‌ಆರ್‌ನವರಿಗೆ ಏನೂ ತಿಳಿಯದು. ‘ಎಸ್ಸೆಸ್ಸೆಲ್ಸಿ ಮಾದರಿ ಪ್ರಶ್ನೆಪತ್ರಿಕೆಗೆ ನೀಲನಕ್ಷೆ ತಯಾರಿಸಿದ್ದೇನೆ, ಮೂರು ಸೆಕ್ಷನ್‌ಗಳ ಅಂಕ ವಿಶ್ಲೇಷಿಸಿ ಹಿಂದುಳಿದವರಿಗೆ ಪ್ರತ್ಯೇಕ ಅಭ್ಯಾಸ ಹಾಳೆ ಬರೆದಿದ್ದೇನೆ’ ಎಂದರೆ ತಿಳಿಯುತ್ತದೆ.

ರಾಜೀನಾಮೆಗೂ ಮುನ್ನ

ನೇಮಕಾತಿ ಆದೇಶದಲ್ಲಿ ನೋಟಿಸ್ ಅವಧಿ ಎಷ್ಟಿದೆ, ಬೇಸಿಗೆ ರಜೆಯ ಸಂಬಳದ ಬಗ್ಗೆ ಏನಿದೆ ಎಂದು ಓದಿ, ಅದಕ್ಕೆ ತಕ್ಕಂತೆ ದಿನಾಂಕ ಹಾಕಿ. ವರ್ಷದ ನಡುವೆ ಬಿಟ್ಟರೆ ಮಕ್ಕಳಿಗೂ ಕಷ್ಟ, ಬಾಕಿ ಸಂಬಳಕ್ಕೂ ಜಗಳ. ಶಾಲೆ ಇಟ್ಟುಕೊಂಡ ಮೂಲ ಅಂಕಪಟ್ಟಿಗಳನ್ನು ಏನಾದರೂ ಕಾರಣ ಹೇಳಿ ಮೊದಲೇ ವಾಪಸ್ ಪಡೆಯಿರಿ. ರಾಜೀನಾಮೆ ಪತ್ರದ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಸೀಲು ಹಾಕಿಸಿಕೊಳ್ಳಿ.

ಪಿಎಫ್ ಹಣ ತೆಗೆಯುವ ಆತುರ ಬೇಡ. ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಅದೇ ಯುಎಎನ್‌ನಲ್ಲಿ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ವರ್ಗಾಯಿಸಿದರೆ ಇಲ್ಲಿನ ಏಳು, ಮುಂದಿನ ಕಡೆಯ ಮೂರು ಸೇರುತ್ತವೆ.

ಬಹಳ ಮಂದಿ ಕೇಳದೇ ಬಿಡುವುದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಶಾಲೆ ಕೊಡಬೇಕಾದ ಇಡಿಗಂಟು. ಶಿಕ್ಷಕರು ಅಂದಿನ ಗ್ರಾಚ್ಯುಟಿ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತ್ತು. ಸಂಸತ್ತು 2009ರಲ್ಲಿ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಮಾಡಿತು. ಖಾಸಗಿ ಶಾಲೆಗಳು ಪ್ರಶ್ನಿಸಿದಾಗ 2022ರಲ್ಲಿ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಹಾಗಾಗಿ ಐದು ವರ್ಷ ಸತತ ಸೇವೆ ಮುಗಿಸಿದವರಿಗೆ ಅದು ಹಕ್ಕು. ಲೆಕ್ಕ ಸುಲಭ: ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 26,000 ರೂಪಾಯಿ, 10 ವರ್ಷ ಎಂದರೆ 1,50,000. ಶಾಲೆ 30 ದಿನದೊಳಗೆ ಕೊಡಬೇಕು. ಕೊಡದಿದ್ದರೆ ಬಡ್ಡಿ ಸಮೇತ ಕೇಳಿ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಬಹುದು. ನೇಮಕಾತಿ ಆದೇಶ, ಸಂಬಳ ಬಿದ್ದ ಬ್ಯಾಂಕ್ ಪಾಸ್‌ಬುಕ್, ಸೀಲು ಬಿದ್ದ ಆ ರಾಜೀನಾಮೆ ಪ್ರತಿಯನ್ನು ಜೊತೆಗಿಡಿ.